ಮುಂಬಯಿಯಲ್ಲಿ ಗಾಡಿ ಹತ್ತೋಕೆ ಮೊಬೈಲ್ ಸಾಕಾ? ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮಾಟುಂಗದಲ್ಲಿ. ಸ್ಟೇಷನ್‌ಗೆ ಐದು ನಿಮಿಷದ ದಾರಿ. ಕೆಲಸ ಹುಡುಕಿ ಬಂದವರು, ಆಸ್ಪತ್ರೆಗೆ ಬಂದವರು, ಮದುವೆಗೆ ಬಂದವರು ಹೀಗೆ ಊರಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ಬಂದ ರಾತ್ರಿ ಊಟ ಮುಗಿದ ಮೇಲೆ ಒಂದೇ ಪ್ರಶ್ನೆ: "ನಾಳೆ ಟಿಕೆಟ್‌ಗೆ ಏನು ಮಾಡೋದು?" ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಟ್ಟಿದ್ದೇನೆ.

ಒಂದು ಆ್ಯಪ್ ಹಾಕಿಕೊಂಡರೆ ಎಲ್ಲಾ ಕಡೆ ನಡೆಯುತ್ತಾ?

ನಡೆಯಬೇಕು ಅಂತಲೇ ಎಲ್ಲರ ಆಸೆ. ಆದರೆ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮುಂಬಯಿಯಲ್ಲಿ ಗಾಡಿಗೊಬ್ಬ ಮಾಲೀಕ.

ಲೋಕಲ್ ರೈಲು ಭಾರತೀಯ ರೈಲ್ವೆಯದು. ಕೆಂಪು ಬಸ್ಸು ಬೆಸ್ಟ್ ಅನ್ನುವ ಸಾರಿಗೆ ಸಂಸ್ಥೆಯದು. ಮೆಟ್ರೋದಲ್ಲೇ ಮೂರು ಮನೆ: ವರ್ಸೋವಾ-ಅಂಧೇರಿ-ಘಾಟ್ಕೋಪರ್ ನಡುವೆ ಓಡುವ ಲೈನ್ 1 ಒಂದು ಕಂಪನಿಯದು, 2ಎ ಮತ್ತು 7 ಇನ್ನೊಂದರದು, ನೆಲದಡಿ ಓಡುವ ಲೈನ್ 3, ಅಂದರೆ ಅಕ್ವಾ ಲೈನ್, ಮತ್ತೊಂದರದು. ಥಾಣೆ, ನವಿ ಮುಂಬಯಿ, ಕಲ್ಯಾಣ-ಡೊಂಬಿವಲಿ, ಮೀರಾ-ಭಾಯಂದರ್ ಬಸ್ಸುಗಳಿಗೆ ಅವರವರ ನಗರಪಾಲಿಕೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾಲಕ್ಕೆ ತಮ್ಮ ತಮ್ಮ ಆ್ಯಪ್ ಮಾಡಿಕೊಂಡರು. ಹಾಗಾಗಿ ಫೋನಿನಲ್ಲಿ ಒಂದು ಸಾಲು ಚಿತ್ರಗಳು ಸಾಲದು, ಎರಡು ಸಾಲು ಬೇಕು.

ಈ ಗೋಜಲು ಬಿಡಿಸಲು 2025ರ ಅಕ್ಟೋಬರ್ 8ರಂದು 'ಮುಂಬಯಿ ಒನ್' ಅನ್ನುವ ಆ್ಯಪ್ ಬಂತು. ಅಕ್ವಾ ಲೈನ್ ಕಫ್ ಪರೇಡ್‌ವರೆಗೆ ಉದ್ಘಾಟನೆಯಾದ ದಿನವೇ ಅದೂ ಶುರುವಾಯಿತು. ಮೆಟ್ರೋ, ಮೋನೋ, ಲೋಕಲ್, ಬೆಸ್ಟ್, ಸುತ್ತಲಿನ ಊರುಗಳ ಬಸ್ಸು ಎಲ್ಲ ಸೇರಿ 11 ಸಂಸ್ಥೆಗಳನ್ನು ಒಂದೇ ಕಡೆ ತರುವುದು ಅದರ ಉದ್ದೇಶ. ಎರಡು ಮೂರು ಗಾಡಿ ಬದಲಿಸಿ ಹೋಗುವವರಿಗೆ ಒಳ್ಳೆಯದು. ನಾಲ್ಕು ದಿನಕ್ಕೆ ಬಂದವರು ಇದೊಂದರಿಂದ ಶುರು ಮಾಡಿ. ಇಲ್ಲೇ ಇರಲು ಬಂದವರು ಮಾತ್ರ ದಿನಾ ಯಾವ ಗಾಡಿ ಹತ್ತುತ್ತೀರೋ ಆ ಮಾಲೀಕರ ಆ್ಯಪನ್ನೂ ಇಟ್ಟುಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ.

'ಮುಂಬಯಿ 1' ಮತ್ತು 'ಮುಂಬಯಿ ಒನ್' ಬೇರೆ ಬೇರೆಯಾ?

ಬೇರೆ ಬೇರೆ. ಹೆಸರಿಟ್ಟವರಿಗೆ ನಮಸ್ಕಾರ!

'ಮುಂಬಯಿ 1' ಬಂದದ್ದು 2023ರ ಜನವರಿ 19ರಂದು, ಲೈನ್ 2ಎ ಮತ್ತು 7 ಪೂರ್ತಿ ತೆರೆದ ದಿನ. ಅದೊಂದು ಕಾರ್ಡ್, ಜೊತೆಗೊಂದು ಆ್ಯಪ್. ಮೇಲೆ ಹೇಳಿದ 'ಮುಂಬಯಿ ಒನ್' ಎರಡು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಬಂದದ್ದು. ಬಾಯಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಕೌಂಟರಿನಲ್ಲಿ ಕೇಳುವಾಗ "ಕಾರ್ಡ್" ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಅವರು ಆ್ಯಪ್ ತೋರಿಸಿ ಕಳಿಸುತ್ತಾರೆ.

ಲೋಕಲ್ ರೈಲಿಗೆ ಯಾವ ಆ್ಯಪ್?

ಹೊಸದಾಗಿ ಹಾಕುವವರು ರೈಲ್‌ಒನ್ ಹಾಕಿ. 2025ರ ಜುಲೈ 1ರಂದು ಬಂದದ್ದು. ಅದಕ್ಕಿಂತ ಮುಂಚೆ ಹತ್ತು ವರ್ಷ ಯುಟಿಎಸ್ ಆ್ಯಪ್ ಇತ್ತು. 2014ರ ಡಿಸೆಂಬರ್‌ನಲ್ಲಿ ಅದು ಮೊದಲು ಶುರುವಾದದ್ದೇ ಮುಂಬಯಿಯಲ್ಲಿ. ಎರಡನ್ನೂ ಮಾಡಿದ್ದು ರೈಲ್ವೆಯದೇ ಆದ ಕ್ರಿಸ್ ಸಂಸ್ಥೆ. ಹಳೆಯ ಯುಟಿಎಸ್ ಅಥವಾ ಐಆರ್‌ಸಿಟಿಸಿ ಲಾಗಿನ್ ಇದ್ದವರು ಅದರಲ್ಲೇ ರೈಲ್‌ಒನ್ ಒಳಗೆ ಹೋಗಬಹುದು.

ದುಡ್ಡು ಯುಪಿಐನಲ್ಲಿ ಕೊಡಬಹುದು, ಆ್ಯಪ್‌ನೊಳಗಿನ ಆರ್-ವಾಲೆಟ್‌ನಲ್ಲಿ ಮೊದಲೇ ಹಾಕಿಟ್ಟೂ ಕೊಡಬಹುದು. ನನ್ನ ಮಟ್ಟಿಗೆ ವಾಲೆಟ್ಟೇ ಸುಖ. ಯುಪಿಐ ಪಿನ್ ಒತ್ತಿ, ಚಕ್ರ ತಿರುಗಿ, ಬ್ಯಾಂಕ್ ಒಪ್ಪಿ ಬರುವಷ್ಟರಲ್ಲಿ 8.12ರ ಸ್ಲೋ ಲೋಕಲ್ ಹೊರಟು ಹೋಗಿರುತ್ತದೆ.

ಇನ್ನೊಂದು ಮಾತು. ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ ಅಂತ ಎರಡಿದ್ದರೂ ಟಿಕೆಟ್ ಒಂದೇ. ಮಾಟುಂಗದಿಂದ ಅಂಧೇರಿಗೆ ತೆಗೆದರೆ ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಆ ಕಡೆಯ ಗಾಡಿ ಹಿಡಿಯಬಹುದು. ದಾದರಿನಲ್ಲಿ ಮತ್ತೆ ಟಿಕೆಟ್ ಬೇಡ. ಎಸಿ ಲೋಕಲ್‌ಗೆ ಮಾತ್ರ ಎಸಿ ಟಿಕೆಟ್ಟೇ ಬೇಕು. "ನನ್ನ ಹತ್ತಿರ ಫಸ್ಟ್ ಕ್ಲಾಸ್ ಇದೆಯಲ್ಲ" ಅಂದರೆ ಟಿಸಿ ಕೇಳುವುದಿಲ್ಲ.

ಪ್ಲಾಟ್‌ಫಾರ್ಮ್ ಮೇಲೆ ನಿಂತು ಬುಕ್ ಮಾಡಿದರೆ ಆಗುತ್ತಿಲ್ಲ. ಫೋನ್ ಕೆಟ್ಟಿದೆಯಾ?

ಫೋನ್ ಸರಿ ಇದೆ. ಅದು ಬೇಕೆಂದೇ ಹಾಗೆ ಮಾಡಿಟ್ಟಿರುವುದು.

ಪೇಪರ್ ಇಲ್ಲದ ಟಿಕೆಟನ್ನು ಸ್ಟೇಷನ್ ಮತ್ತು ಹಳಿಯಿಂದ ಸ್ವಲ್ಪ ದೂರ ಇರುವಾಗಲೇ ತೆಗೆಯಬೇಕು. ಫೋನಿನ ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ. ಒಳಗಿದ್ದರೆ ಆ್ಯಪ್ ಒಪ್ಪುವುದಿಲ್ಲ. ಯಾಕೆ ಅಂದರೆ, ಒಪ್ಪಿದರೆ ಜನ ಟಿಕೆಟಿಲ್ಲದೆ ಗಾಡಿ ಹತ್ತಿ, ಟಿಸಿಯ ಕಪ್ಪು ಕೋಟು ಕಂಡ ಕೂಡಲೇ ಫೋನ್ ತೆಗೆದು ಟಿಕೆಟ್ ಮಾಡುತ್ತಾರೆ. ಸ್ಟೇಷನ್ ಗೋಡೆಗೆ ಕ್ಯೂಆರ್ ಅಂಟಿಸಿ, ಅದನ್ನು ಸ್ಕ್ಯಾನ್ ಮಾಡಿದರೆ ಒಳಗೂ ಟಿಕೆಟ್ ಕೊಡುವ ಏರ್ಪಾಡು ಇತ್ತು. ನಮ್ಮ ಜಾಣರು ಆ ಕ್ಯೂಆರ್‌ನ ಫೋಟೋ ತೆಗೆದು ಗ್ಯಾಲರಿಯಲ್ಲಿಟ್ಟುಕೊಂಡರು. ಎಲ್ಲಿ ಕೂತರೂ ಸ್ಟೇಷನ್ ಜೇಬಿನಲ್ಲೇ! ಹಾಗಾಗಿ ಆ ದಾರಿಯನ್ನು ನೆಚ್ಚಿಕೊಂಡು ಹೊರಡಬೇಡಿ.

ಮೊದಲು ಬಹಳ ದೂರದಿಂದಲೂ ಬುಕ್ ಮಾಡಲು ಆಗುತ್ತಿರಲಿಲ್ಲ. ಆ ಹೊರಗಿನ ಮಿತಿಯನ್ನು 2024ರಲ್ಲಿ ತೆಗೆದರು. ಈಗ ಮನೆಯಲ್ಲಿ ಚಪ್ಪಲಿ ಹಾಕುವ ಮುಂಚೆಯೇ ಟಿಕೆಟ್ ತೆಗೆಯಿರಿ. ತೀರಾ ಮುಂಚೆಯೂ ಬೇಡ, ಲೋಕಲ್ ಟಿಕೆಟ್ ತೆಗೆದ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು.

ಮಗ ಬುಕ್ ಮಾಡಿ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ್ದಾನೆ. ಅದು ನಡೆಯುತ್ತಾ?

ಲೋಕಲ್‌ನಲ್ಲಿ ನಡೆಯುವುದಿಲ್ಲ. ಆ್ಯಪ್ ಒಳಗೇ ಟಿಕೆಟ್ ತೆರೆದು ತೋರಿಸಬೇಕು. ಚಿತ್ರ ತಿದ್ದಿ ನಕಲಿ ಪಾಸ್ ಮಾಡಿಕೊಂಡವರು ಸಿಕ್ಕಿಬಿದ್ದ ಮೇಲೆ ಟಿಸಿಗಳು ಇನ್ನೂ ಚುರುಕಾಗಿದ್ದಾರೆ. ಬರೀ ಚಿತ್ರ ಕಂಡರೆ "ಆ್ಯಪ್ ಖೋಲೋ" ಅನ್ನುತ್ತಾರೆ. ಟಿಕೆಟ್ ಇಲ್ಲ ಅಂತ ಆದರೆ ದಂಡ ಕನಿಷ್ಠ 250 ರೂಪಾಯಿ, ಮೇಲೆ ಗಾಡಿಯ ಚಾರ್ಜು.

ಮಗ ಬೇರೆ ಕಡೆ ಕೂತು ಬುಕ್ ಮಾಡಲೇಬೇಕು ಅಂದರೆ ಪೇಪರ್ ಟಿಕೆಟ್ ಆಯ್ಕೆ ಮಾಡಲಿ. ಬುಕಿಂಗ್ ನಂಬರ್ ಕಳಿಸಿದರೆ ಸ್ಟೇಷನ್‌ನ ಯಂತ್ರದಲ್ಲಿ ನೀವು ಪ್ರಿಂಟ್ ತೆಗೆಯಬಹುದು.

ಟಿಸಿ ಬಂದಾಗ ಫೋನ್ ಸ್ವಿಚ್ ಆಫ್ ಆದರೆ?

ಟಿಕೆಟ್ ತೋರಿಸಲಾಗದವನು ಟಿಕೆಟ್ ಇಲ್ಲದವನೇ. ಇದು ನನ್ನ ಸ್ವಂತ ಅನುಭವ. ಒಂದು ಸ್ಟೇಷನ್‌ನ ಸೇತುವೆ ಮೇಲೆ ಸಂಜೆ ಏಳು ಗಂಟೆ. ಫೋನಿನಲ್ಲಿ ಎರಡು ಪರ್ಸೆಂಟ್ ಇತ್ತು. ಆ್ಯಪ್ ತೆರೆಯುವಷ್ಟರಲ್ಲಿ ಕಂಪನಿಯ ಹೆಸರು ಮಿನುಗಿ ಪರದೆ ಕಪ್ಪಾಯಿತು. ಟಿಸಿ ಕೆಟ್ಟವರೇನಲ್ಲ. "ಚಾರ್ಜ್ ಮಾಡ್ಕೊಂಡು ಬಾ, ನಿಂತಿರ್ತೀನಿ" ಅಂತ ಮರಾಠಿಯಲ್ಲಿ ಹೇಳಿದರು. ಆ ಜಂಗುಳಿಯಲ್ಲಿ ಎಲ್ಲಿ ಚಾರ್ಜ್ ಮಾಡೋದು? ದಂಡ ಕೊಟ್ಟು ರಶೀದಿ ತೆಗೆದುಕೊಂಡೆ. ಆ ರಶೀದಿ ಪೇಪರಿನದು. ಈಗ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇರುತ್ತದೆ, ಊಟದ ಡಬ್ಬಿಯ ಪಕ್ಕ.

ಸ್ಟೇಷನ್‌ನಲ್ಲಿರುವ ಆ ಟಿಕೆಟ್ ಯಂತ್ರ ಬಳಸೋದು ಹೇಗೆ?

ಅದಕ್ಕೆ ಎಟಿವಿಎಂ ಅನ್ನುತ್ತಾರೆ. ಮುಂಚೆ ಸ್ಮಾರ್ಟ್ ಕಾರ್ಡ್ ಇದ್ದವರಿಗಷ್ಟೇ ಅದು ಉಪಯೋಗ. ಕಾರ್ಡನ್ನು ಮುಂದಿನ ತಟ್ಟೆಯಲ್ಲಿಟ್ಟು, ಪರದೆ ಮೇಲೆ ಸ್ಟೇಷನ್ ಒತ್ತಬೇಕು. ಈಗ ಪರದೆಯ ಮೇಲೆ ಬರುವ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐನಲ್ಲೂ ಕೊಡಬಹುದು.

ದೊಡ್ಡ ಸ್ಟೇಷನ್‌ಗಳಲ್ಲಿ ಯಂತ್ರದ ಪಕ್ಕ ಒಬ್ಬರು ಕೂತಿರುತ್ತಾರೆ. ಹೆಚ್ಚಾಗಿ ರೈಲ್ವೆಯಿಂದ ರಿಟೈರ್ ಆದವರು. ಅವರನ್ನೊಮ್ಮೆ ನಿಂತು ನೋಡಬೇಕು. ನೀವು "ಠಾಣಾ, ದೋನ್" (ಥಾಣೆಗೆ ಎರಡು) ಅನ್ನುವುದೇ ತಡ, ಬೆರಳು ನಾಲ್ಕು ಕಡೆ ಹಾರಿ ಟಿಕೆಟ್ ಹೊರಗೆ ಬಿದ್ದಿರುತ್ತದೆ. ಪರದೆ ನೋಡುವುದೂ ಇಲ್ಲ. ಒಮ್ಮೆ ನಮ್ಮ ಚಿಕ್ಕಮ್ಮ ಆ ಯಂತ್ರದ ಮುಂದೆ ಐದು ನಿಮಿಷ ನಿಂತು 'ಕುರ್ಲಾ' ಹುಡುಕುತ್ತಿದ್ದರು. ಹಿಂದಿನಿಂದ ಒಂದು ಕೈ ಬಂದು ಎರಡು ಸಲ ಒತ್ತಿತು, ಟಿಕೆಟ್ ಬಂತು. ಚಿಕ್ಕಮ್ಮ ಇವತ್ತಿಗೂ ಆ ಕಡೆಗೇ ಹೋಗುವುದು. "ಯಂತ್ರಕ್ಕಿಂತ ಆ ಅಜ್ಜ ವಾಸಿ" ಅನ್ನುತ್ತಾರೆ. ತಪ್ಪೇನಿಲ್ಲ.

ಮೆಟ್ರೋಗೆ ಟಿಕೆಟ್ ಹೇಗೆ?

ಮೂರು ದಾರಿ. ಕೌಂಟರಿನಲ್ಲಿ ಕ್ಯೂಆರ್ ಅಚ್ಚಾದ ಚೀಟಿ, ಫೋನಿನಲ್ಲಿ ಕ್ಯೂಆರ್, ಇಲ್ಲವೇ ಕಾರ್ಡ್. 2014ರಲ್ಲಿ ಲೈನ್ 1 ಶುರುವಾದಾಗ ಪ್ಲಾಸ್ಟಿಕ್ ಟೋಕನ್ ಇತ್ತು. ಈಗ ಅದರ ಜಾಗಕ್ಕೆ ಚೀಟಿ ಬಂದಿದೆ.

ಆ್ಯಪ್ ಬೇಡ ಅನ್ನುವವರಿಗೆ ವಾಟ್ಸಾಪ್ ಟಿಕೆಟ್ ಇದೆ. ಮೆಟ್ರೋದ ನಂಬರಿಗೆ ಒಂದು 'ಹಾಯ್' ಕಳಿಸಿ, ಎಲ್ಲಿಂದ ಎಲ್ಲಿಗೆ ಹೇಳಿ, ದುಡ್ಡು ಕೊಟ್ಟರೆ ಕ್ಯೂಆರ್ ಬರುತ್ತದೆ. ನಂಬರ್ ಸ್ಟೇಷನ್ ಬೋರ್ಡಿನ ಮೇಲಿರುತ್ತದೆ, ಅಲ್ಲಿಂದಲೇ ತೆಗೆದುಕೊಳ್ಳಿ. ಲೈನಿಗೊಂದು ನಂಬರ್, ಮಾಲೀಕ ಬೇರೆ ಅಂದೆನಲ್ಲ.

ಆ ಕ್ಯೂಆರ್ ಒಳಗೆ ಹೋಗಲೂ ಬೇಕು, ಹೊರಗೆ ಬರಲೂ ಬೇಕು. ಒಳಗೆ ಬಂದಾಯಿತು ಅಂತ ಚೀಟಿ ಎಸೆದವರು ಇಳಿದಲ್ಲಿ ಗೇಟಿನ ಮುಂದೆ ಜೇಬು ತಡಕುತ್ತಾ ನಿಂತಿರುತ್ತಾರೆ. ನಾಲ್ಕು ಜನಕ್ಕೆ ಒಟ್ಟಿಗೆ ತೆಗೆದರೆ ತಲೆಗೊಂದು ಕ್ಯೂಆರ್. ಗೇಟಿನಲ್ಲಿ ಒಂದೊಂದಾಗಿ ತೋರಿಸಬೇಕು. ಪರದೆಯ ಬೆಳಕು ಜಾಸ್ತಿ ಮಾಡಿ, ಫೋನನ್ನು ಗಾಜಿಗೆ ಒತ್ತಬೇಡಿ. ಒಂದು ನಾಲ್ಕು ಬೆರಳು ಮೇಲೆ ಹಿಡಿದರೆ ಬೇಗ ಓದುತ್ತದೆ. ಪರದೆ ಒಡೆದಿದ್ದರೆ ಸುಮ್ನೆ ಚೀಟಿ ತೆಗೆದುಕೊಳ್ಳಿ.

ಅಕ್ವಾ ಲೈನ್‌ನಲ್ಲಿ ನೆಟ್‌ವರ್ಕ್ ಸಿಗುತ್ತಾ?

33.5 ಕಿಲೋಮೀಟರ್, 27 ಸ್ಟೇಷನ್, ಒಂದು ಬಿಟ್ಟರೆ ಎಲ್ಲ ನೆಲದಡಿ. ಮೆಟ್ಟಿಲು ಇಳಿಯುತ್ತಿದ್ದಂತೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುವುದನ್ನು ನಾನೇ ನೋಡಿದ್ದೇನೆ. ಕೌಂಟರ್ ಇರುವ ಮಹಡಿಯಲ್ಲಿ ಟಿಕೆಟ್‌ಗೆಂದು ವೈಫೈ ಕೊಟ್ಟಿದ್ದರು. ಆದರೂ ರಸ್ತೆಯ ಮೇಲಿರುವಾಗಲೇ ಟಿಕೆಟ್ ತೆಗೆದು, ಕ್ಯೂಆರ್ ತೆರೆದಿಟ್ಟುಕೊಂಡು ಇಳಿಯಿರಿ. ಚಾರ್ಜು 10ರಿಂದ 70 ರೂಪಾಯಿ. ಮರೋಲ್ ನಾಕಾದಲ್ಲಿ ಲೈನ್ 1 ಸಿಗುತ್ತದೆ. ಅಲ್ಲಿ ಬದಲಿಸುವವರು ಮಾಲೀಕ ಬದಲಾಗುತ್ತಾನೆ ಅನ್ನುವುದನ್ನು ಮರೆಯಬೇಡಿ.

ಎನ್‌ಸಿಎಂಸಿ ಕಾರ್ಡ್ ಅಂದರೇನು? ನಮ್ಮ ಬೆಂಗಳೂರು ಮೆಟ್ರೋ ಕಾರ್ಡ್ ಇಲ್ಲಿ ನಡೆಯುತ್ತಾ?

ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತೇನೆ, ಯಾಕೆಂದರೆ ಇದೇ ನನಗೆ ಇಷ್ಟದ್ದು.

ಎನ್‌ಸಿಎಂಸಿ, ಅಂದರೆ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, 2019ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಒಂದೇ ಕಾರ್ಡ್ ಇರಲಿ ಅಂತ ಬಂದದ್ದು. ರುಪೇ ಕಾರ್ಡಿನೊಳಗೇ ಇರುತ್ತದೆ. ಯಾವ ಬ್ಯಾಂಕ್ ಕೊಟ್ಟರೂ, ಯಾವ ಊರಲ್ಲಿ ತೆಗೆದರೂ, ಎನ್‌ಸಿಎಂಸಿ ಒಪ್ಪುವ ಗೇಟಿನಲ್ಲಿ ನಡೆಯಬೇಕು. ನಮ್ಮ ಮೆಟ್ರೋದ ಎನ್‌ಸಿಎಂಸಿ ಕಾರ್ಡ್ ಇದ್ದರೆ ಇಲ್ಲಿನ 2ಎ, 7 ಮತ್ತು ಅಕ್ವಾ ಲೈನಿನ ಗೇಟಿಗೆ ತೋರಿಸಿ. ಬೆಂಗಳೂರಿನ ಹಳೆಯ ಸಾದಾ ಸ್ಮಾರ್ಟ್ ಕಾರ್ಡ್ ಇದ್ದರೆ ಅದು ಅಲ್ಲಿಗೇ ಸರಿ.

ಇದರ ಗುಟ್ಟು ಚಿಪ್‌ನಲ್ಲಿದೆ. ಯುಪಿಐ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಪ್ರತಿ ಸಲ ನೆಟ್ ಮೂಲಕ ಕೇಳಿ ತರಬೇಕು. ಇಲ್ಲಿ ಹಾಗಲ್ಲ. ಸಣ್ಣ ದುಡ್ಡು ಚಿಪ್‌ನಲ್ಲೇ ಕೂತಿರುತ್ತದೆ, ಜಾಸ್ತಿ ಅಂದರೆ 2000 ರೂಪಾಯಿ. ಗೇಟಿಗೆ ತಾಗಿಸಿದ ಕೂಡಲೇ ಅಲ್ಲೇ ಕಳೆದುಕೊಳ್ಳುತ್ತದೆ. ಪಿನ್ ಬೇಡ, ನೆಟ್ ಬೇಡ, ಫೋನ್ ಚಾರ್ಜ್ ಬೇಡ.

ಎಲ್ಲರೂ ಎಡವುವುದು ಒಂದೇ ಕಡೆ. ಮನೆಯಲ್ಲಿ ಕೂತು ಆ್ಯಪ್‌ನಲ್ಲಿ 500 ರೂಪಾಯಿ ಹಾಕುತ್ತಾರೆ. "ಯಶಸ್ವಿ" ಅಂತ ಮೆಸೇಜ್ ಬರುತ್ತದೆ. ಗೇಟಿಗೆ ತಾಗಿಸಿದರೆ ಬ್ಯಾಲೆನ್ಸ್ ಇಲ್ಲ. ದುಡ್ಡು ಹೋಗಿಲ್ಲ, ಇನ್ನೂ ಚಿಪ್‌ಗೆ ಇಳಿದಿಲ್ಲ ಅಷ್ಟೇ. ಸ್ಟೇಷನ್‌ನ ಯಂತ್ರದಲ್ಲೋ ಕೌಂಟರಿನಲ್ಲೋ ಒಮ್ಮೆ ಕಾರ್ಡ್ ಇಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಬೇಕು. ಬಾವಿಯಲ್ಲಿ ನೀರಿದೆ, ಕೊಡಕ್ಕೆ ಸೇದಿಲ್ಲ.

ಕಳೆದು ಹೋದರೆ? ಬ್ಯಾಂಕಿನ ಭಾಗವನ್ನು ಬ್ಲಾಕ್ ಮಾಡಿಸಬಹುದು. ಚಿಪ್‌ನಲ್ಲಿದ್ದ ದುಡ್ಡು ಜೇಬಿನಿಂದ ಬಿದ್ದ ನೋಟಿನ ಹಾಗೆ. ನಾನು 300ಕ್ಕಿಂತ ಜಾಸ್ತಿ ಹಾಕುವುದೇ ಇಲ್ಲ.

ಬೆಸ್ಟ್ ಬಸ್ಸಿನಲ್ಲಿ?

ಬೆಸ್ಟ್ 2021ರ ಡಿಸೆಂಬರ್‌ನಿಂದ ಚಲೋ ಆ್ಯಪ್ ಮತ್ತು ಕಾರ್ಡ್ ಇಟ್ಟಿದೆ. ಆ್ಯಪ್‌ನಲ್ಲಿ ಟಿಕೆಟ್, ಪಾಸ್ ತೆಗೆಯಬಹುದು, ಬಸ್ಸು ಎಲ್ಲಿದೆ ಅಂತಲೂ ನೋಡಬಹುದು. 2022ರ ಏಪ್ರಿಲ್‌ನಲ್ಲಿ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಾಗಿಸುವ ಬಸ್ಸನ್ನೂ ಬಿಟ್ಟರು. ಅಂಥ ಬಸ್ಸಿನಲ್ಲಿ ಇಳಿಯುವಾಗ ತಾಗಿಸುವುದನ್ನು ಮರೆಯಬೇಡಿ, ನೀವು ಎಲ್ಲಿ ಇಳಿದಿರಿ ಅಂತ ಯಂತ್ರಕ್ಕೆ ಗೊತ್ತಾಗಬೇಕಲ್ಲ.

2019ರಲ್ಲಿ ಕನಿಷ್ಠ ಚಾರ್ಜು 5 ರೂಪಾಯಿಗೆ, ಎಸಿ ಬಸ್ಸಿನಲ್ಲಿ 6ಕ್ಕೆ ಇಳಿದಿತ್ತು. 2025ರ ಮೇ 9ರಿಂದ 10 ಮತ್ತು 12 ಆಯಿತು. ಈ 12 ಇದೆಯಲ್ಲ, ಅದೇ ತಕರಾರು. 20ರ ನೋಟು ಕೊಟ್ಟರೆ ಕಂಡಕ್ಟರ್ "ಸುಟ್ಟೆ ದ್ಯಾ", ಅಂದರೆ ಚಿಲ್ಲರೆ ಕೊಡಿ, ಅನ್ನುತ್ತಾರೆ. ಎರಡು ರೂಪಾಯಿ ನಾಣ್ಯ ಯಾರ ಹತ್ತಿರ ಇರುತ್ತೆ? ಇಲ್ಲಿ ಕಾರ್ಡ್ ನಿಜಕ್ಕೂ ಉಪಕಾರಿ. ಲೋಕಲ್‌ನಲ್ಲಿ ಡಿಜಿಟಲ್ ಟಿಕೆಟ್ ಉಳಿಸುವುದು ಸಾಲು, ಬಸ್ಸಿನಲ್ಲಿ ಉಳಿಸುವುದು ಚಿಲ್ಲರೆ ಜಗಳ.

ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ!

ಮೊದಲು ಆ್ಯಪ್‌ನ ಬುಕಿಂಗ್ ಪಟ್ಟಿ ನೋಡಿ. ಎಷ್ಟೋ ಸಲ ಟಿಕೆಟ್ ಆಗಿರುತ್ತದೆ, ಪರದೆ ಮಾತ್ರ ಸಿಕ್ಕಿಹಾಕಿಕೊಂಡಿರುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿ ಎರಡೆರಡು ಟಿಕೆಟ್ ತೆಗೆದವರಿದ್ದಾರೆ.

ಟಿಕೆಟ್ ಇಲ್ಲ, ದುಡ್ಡು ಹೋಗಿದೆ ಅಂದರೆ ರಿಸರ್ವ್ ಬ್ಯಾಂಕಿನ 2019ರ ನಿಯಮ ನಿಮ್ಮ ಕಡೆಗಿದೆ. ಯುಪಿಐನಲ್ಲಿ ಅಂಗಡಿಯವರಿಗೋ ಸಂಸ್ಥೆಗೋ ಕೊಟ್ಟ ದುಡ್ಡು ಅವರಿಗೆ ಖಾತ್ರಿಯಾಗದೆ ನಡುವೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವಹಿವಾಟಿನ ನಂಬರ್ ಬರೆದಿಟ್ಟುಕೊಂಡು ಯುಪಿಐ ಆ್ಯಪ್‌ನಲ್ಲೇ ದೂರು ಹಾಕಿ. ಒಮ್ಮೆ ನನ್ನ 35 ರೂಪಾಯಿ ಹೀಗೇ ಹೋಗಿ ಮೂರನೇ ದಿನ ಬೆಳಗ್ಗೆ ಬಂದಿತ್ತು.

ಆದರೆ ಗಾಡಿ ಹತ್ತುವಾಗ "ದುಡ್ಡು ಕಟ್ ಆಗಿದೆ" ಅನ್ನುವ ಮೆಸೇಜು ಟಿಕೆಟ್ ಅಲ್ಲ. ಆ ಹೊತ್ತಿಗೆ ಇನ್ನೊಂದು ಟಿಕೆಟ್ ತೆಗೆಯಲೇಬೇಕು.

ಅಪ್ಪನ ಹತ್ತಿರ ಬಟನ್ ಫೋನ್ ಇದೆ. ಅವರಿಗೇನು ದಾರಿ?

ಎನ್‌ಸಿಎಂಸಿ ಕಾರ್ಡ್ ಮಾಡಿಸಿಕೊಡಿ. ಸಾರಿಗೆಗಷ್ಟೇ ಬಳಸುವ ಕಾರ್ಡನ್ನು ಕೆವೈಸಿ ಇಲ್ಲದೆಯೂ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಈ ಬಗೆಯ ಕಾರ್ಡಿನಲ್ಲಿ ಒಟ್ಟು 3000 ರೂಪಾಯಿವರೆಗೆ ಇಡಬಹುದು. 65 ದಾಟಿದ್ದರೆ ಲೈನ್ 2ಎ ಮತ್ತು 7ರಲ್ಲಿ 2023ರಲ್ಲಿ ಶುರುವಾದ 25% ರಿಯಾಯಿತಿ ಪಾಸಿನ ಬಗ್ಗೆ ಕೌಂಟರಿನಲ್ಲಿ ಕೇಳಿ. ಲೋಕಲ್‌ಗೆ ಟಿಕೆಟ್ ಕಿಟಕಿ ಇದ್ದೇ ಇದೆ.

ಸ್ಮಾರ್ಟ್‌ಫೋನ್ ಇದ್ದು ಇಂಗ್ಲಿಷ್‌ಗೆ ಹೆದರುವವರಿಗೆ: ಭೀಮ್ ಆ್ಯಪ್‌ನಲ್ಲಿ ಕನ್ನಡ ಇದೆ.

ಆಟೋ, ಟ್ಯಾಕ್ಸಿಯವರು ಯುಪಿಐ ತಗೊಳ್ತಾರಾ?

ಸುಮಾರು ಜನ ತಗೊಳ್ತಾರೆ. ಕನಿಷ್ಠ ಚಾರ್ಜು 2025ರ ಫೆಬ್ರವರಿಯಿಂದ ಆಟೋಗೆ 26, ಕಾಳಿ-ಪೀಲಿಗೆ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗೆ, 31. ಹತ್ತುವ ಮುಂಚೆ ಕೇಳಿ. ಶೇರ್ ಆಟೋದಲ್ಲಿ ಹಿಂದೆ ಮೂವರು ಕೂತು, ಗಾಡಿ ಚಲಿಸುತ್ತಿರುವಾಗ ಸ್ಕ್ಯಾನ್ ಮಾಡುವುದು ಸರ್ಕಸ್ಸು. ಅಲ್ಲಿ ನಾಣ್ಯವೇ ಸರಿ. ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಬಂದ ಹೆಸರನ್ನು ಜೋರಾಗಿ ಓದಿ ಹೇಳಿ, ಅವರು ಹೌದು ಅಂದ ಮೇಲೆ ಪಿನ್ ಹಾಕಿ.

"ನಿಮ್ಮ ಮೆಟ್ರೋ ಕಾರ್ಡ್ ಬ್ಲಾಕ್ ಆಗುತ್ತೆ" ಅಂತ ಫೋನ್ ಬಂದಿದೆ.

ಅದು ಮೋಸದ ಕರೆ, ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗಾದರೆ ಜೇಬಿನಲ್ಲಿ ಏನೇನಿರಬೇಕು?

ನನ್ನ ಜೇಬು ಹೇಳುತ್ತೇನೆ. ಫೋನಿನಲ್ಲಿ ರೈಲ್‌ಒನ್, ಮುಂಬಯಿ ಒನ್, ಚಲೋ. ಪರ್ಸಿನಲ್ಲಿ ಒಂದು ಎನ್‌ಸಿಎಂಸಿ ಕಾರ್ಡ್. ಫೋನಿನ ಕವರಿನ ಹಿಂದೆ ಮಡಚಿಟ್ಟ 50ರ ನೋಟು ಒಂದು, ಪ್ಯಾಂಟಿನ ಸಣ್ಣ ಜೇಬಿನಲ್ಲಿ ಎರಡು ರೂಪಾಯಿ ನಾಣ್ಯ ಐದಾರು. ಮೊನ್ನೆ ಎಸಿ ಬಸ್ಸಿನಲ್ಲಿ ಕಂಡಕ್ಟರ್ ಕೈಯ ಯಂತ್ರ ಕೆಟ್ಟಿತ್ತು. ಎಲ್ಲರೂ ಫೋನ್ ಹಿಡಿದು ನಿಂತಿದ್ದಾಗ ನಾನು 12 ರೂಪಾಯಿ ಸರಿಯಾಗಿ ಎಣಿಸಿ ಕೊಟ್ಟೆ. ಅವರು ಚೀಲದ ತಳದಿಂದ ಹಳೆಯ ಟಿಕೆಟ್ ಪಂಚ್ ತೆಗೆದು ಟಿಕ್ ಟಿಕ್ ಅಂತ ಎರಡು ಸಲ ಬಡಿದು, "ಪುಢೇ ಚಲಾ" (ಮುಂದೆ ನಡೆಯಿರಿ) ಅಂದರು.